ಬಿಚ್ಚಿ ಹಾಕಿದ ಐವತ್ತೊಂದು ನಕ್ಷತ್ರಗಳು

ಕಳೆದ ತಿಂಗಳು ದೀಪಾ ಎಂಬ ಹುಡುಗಿ ಅಮೆರಿಕದ ನಾರ್ತ್‌ವಿಲ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ಹುಬ್ಬಳ್ಳಿಯವಳು. ಪ್ಲಿಮತ್ ಹತ್ತಿರ ಕಾರಿನ ಸೀಟಿಗೆ ಹೊದಿಕೆ ಹೊಲಿಯುವ ಕಾರ್ಖಾನೆಯಲ್ಲಿ ಆಕೆಗೆ ಸೂಪರ್‌ವೈಸರ್ ಕೆಲಸ ಸಿಕ್ಕಿದೆ. ಹೊಲಿಗೆಯವರ ನಡುವೆ ಹೇಗಿರಬೇಕು ಎಂದು ಇಲ್ಲಿನ ಕನ್ನಡ ಕೂಟದಲ್ಲಿ ವಿಚಾರಿಸಿದಾಗ ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರಂತೆ. ನಮ್ಮ ಕೂಟದಲ್ಲಿ ಡಾಕ್ಟರುಗಳಿಗೂ ಇಂಜಿನಿಯರುಗಳಿಗೂ ಕೊರತೆಯಿಲ್ಲ. ಹೊಲಿಗೆಯವನು ಮಾತ್ರ ನಾನೊಬ್ಬನೇ.

ಎರಡು ತಾಸು ಮಾತಾಡಿದೆವು. ಮೆಷಿನ್ ಮುಂದೆ ಕೂತವರ ಬೆನ್ನ ಹಿಂದೆ ನಿಂತು ಮಾತಾಡಬಾರದು, ಸೂಜಿ ಮುರಿದರೆ ಬೈಯಬಾರದು, ಅದರ ಎರಡೂ ತುಂಡು ಸಿಗುವವರೆಗೆ ಬಟ್ಟೆಯನ್ನು ಮುಂದಕ್ಕೆ ಬಿಡಬಾರದು ಎಂದೆಲ್ಲ ಹೇಳಿದೆ. ಆಕೆ ಫೋನಿನಲ್ಲಿ ಬರೆದುಕೊಂಡಳು. ಹೊರಡುವಾಗ ಬೂಟು ಹಾಕಿಕೊಳ್ಳುತ್ತಾ ಕೇಳಿದಳು:

“ಶಂಕರ ಅಂಕಲ್, ಇಷ್ಟ ವರ್ಷದಾಗ ನಿಮ್ಮ ಕೈಯಿಂದ ಒಂದರ ತಪ್ಪು ಪೀಸ್ ಹೊರಗ ಹೋಗಿತ್ತೇನ್ರಿ?”

“ಇಲ್ಲವ್ವಾ. ಒಂದೂ ಇಲ್ಲ,” ಎಂದೆ.

ಅದು ಸುಳ್ಳು. ಒಂದು ಹೋಗಿದೆ. ಕೈತಪ್ಪಿ ಹೋದದ್ದಲ್ಲ, ಗೊತ್ತಿದ್ದೇ ಕಳಿಸಿದ್ದು. ಅದರ ಹೊಣೆ ಬೇರೆಯವರ ತಲೆಯ ಮೇಲೆ ಬಿತ್ತು, ನಾನು ಸುಮ್ಮನಿದ್ದೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಗೆ ಎಪ್ಪತ್ತು ದಾಟಿದವನು ಹೇಳಬೇಕಾದ ಮಾತು ಅದಾಗಿರಲಿಲ್ಲ. ಆದ್ದರಿಂದ ಈಗ ಸರಿಯಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ, ಬರವಣಿಗೆಯಲ್ಲಿ ಅಲ್ಲಲ್ಲಿ ಹೊಲಿಗೆ ಸೊಟ್ಟಗಿದ್ದರೆ ಕ್ಷಮಿಸಬೇಕು.

ಮೂವತ್ತೆಂಟನೆಯ ವಯಸ್ಸಿನಲ್ಲಿ ನಾನು ಈ ದೇಶಕ್ಕೆ ಬಂದೆ. ಕರೆಸಿಕೊಂಡವಳು ತಂಗಿ. ಅವಳು ಡಾಕ್ಟರು, ಮನೆ ಶಿಕಾಗೋ ಹತ್ತಿರದ ಓಕ್ ಬ್ರೂಕ್‌ನಲ್ಲಿ. ಬಂದ ಮೂರನೆಯ ವಾರವೇ ಅಲ್ಲಿಂದ ಹತ್ತು ಮೈಲಿ ದೂರದ ಒಂದು ಬಾವುಟದ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಧಾರವಾಡದ ಹತ್ತಿರ ಖಾದಿ ಬಾವುಟ ತಯಾರಿಸುವ ಕೇಂದ್ರದಲ್ಲಿ ಹದಿನಾಲ್ಕು ವರ್ಷ ದುಡಿದಿದ್ದವನು ನಾನು. ಮಾಲೀಕ ಸ್ಟ್ಯಾನ್ ಎಂಬ ಪೋಲಿಷ್ ಮೂಲದ ಮುದುಕ. ನಾನು ಹೊಲಿದು ತೋರಿಸಿದ ಒಂದು ಅಂಚನ್ನು ಬೆಳಕಿಗೆ ಹಿಡಿದು ನೋಡಿ, “ನಾಳೆ ಏಳಕ್ಕೆ ಬಾ” ಎಂದ. ತಂಗಿ ಪಾರ್ಟಿಗಳಲ್ಲಿ ನನ್ನನ್ನು ಪರಿಚಯಿಸುವಾಗ “ಅಣ್ಣ ಟೆಕ್ಸ್‌ಟೈಲ್ ಲೈನಲ್ಲಿದಾರೆ” ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು, “ಬಾವುಟ ಹೊಲೀತೀನ್ರಿ” ಎನ್ನುತ್ತಿದ್ದೆ. ಆ ಮಾತು ಹೇಳುವಾಗ ನನಗೆ ಒಂದು ದಿನವೂ ನಾಚಿಕೆಯಾಗಿಲ್ಲ. ಶಾಲೆಯ ಮುಂದೆ, ಅಂಚೆ ಕಚೇರಿಯ ಮುಂದೆ, ಸೈನಿಕನ ಶವಪೆಟ್ಟಿಗೆಯ ಮೇಲೆ ನಮ್ಮ ಕೆಲಸ ಇರುತ್ತದೆ. ಜನ ಅದನ್ನು ಕಂಡು ಟೋಪಿ ತೆಗೆಯುತ್ತಾರೆ. ಯಾವ ಡಾಕ್ಟರ ಚೀಟಿಗೆ ಯಾರು ಟೋಪಿ ತೆಗೆದಿದ್ದಾರೆ?

ಕೆಲಸ ನಡೆಯುತ್ತಿದ್ದ ಕ್ರಮ ಹೇಳುತ್ತೇನೆ, ಮುಂದಿನದು ತಿಳಿಯಲು ಅದು ಬೇಕು. ಅಮೆರಿಕದ ಬಾವುಟದಲ್ಲಿ ಎರಡು ಭಾಗ: ಕೆಂಪು ಬಿಳಿ ಪಟ್ಟಿಗಳದ್ದು ಒಂದು, ರಾಜ್ಯಕ್ಕೊಂದರಂತೆ ಐವತ್ತು ನಕ್ಷತ್ರಗಳಿರುವ ನೀಲಿ ತುಂಡು ಇನ್ನೊಂದು. ದೊಡ್ಡ ಬಾವುಟಗಳಲ್ಲಿ ನಕ್ಷತ್ರಗಳನ್ನು ಬೇರೆಯಾಗಿ ಕತ್ತರಿಸಿ, ನೀಲಿ ತುಂಡಿನ ಎರಡೂ ಬದಿಗೆ ಒಂದರ ಬೆನ್ನಿಗೆ ಒಂದು ಬರುವಂತೆ ಹೊಲಿಯುತ್ತಿದ್ದೆವು. ಆ ನೀಲಿ ತುಂಡು ಮೊದಲು ತಪಾಸಣೆಯ ಸ್ಟೂಲಿಗೆ ಹೋಗಬೇಕು. ಅಲ್ಲಿ ನಕ್ಷತ್ರ ಎಣಿಸಿ, ಸರಿಯಿದ್ದರೆ ತಪಾಸಣೆಯವರ ನಂಬರಿನ ಚೀಟಿಯನ್ನು ಪಿನ್ನು ಮಾಡುತ್ತಾರೆ. ಆಮೇಲೆ ಅದು ಜೋಡಿಸುವವನ ಕೈಗೆ, ಅಂದರೆ ನನ್ನ ಕೈಗೆ ಬರುತ್ತದೆ. ನಾನು ಅದನ್ನು ಪಟ್ಟಿಗಳಿಗೆ ಸೇರಿಸಿ ಹೊಲಿದ ಮೇಲೆ ಹಗ್ಗ ಕಟ್ಟುವ ತೂತಿಗೆ ಹಿತ್ತಾಳೆಯ ಬಳೆ ಹಾಕಿ, ಮಡಚಿ, ಡಬ್ಬಕ್ಕೆ ತುಂಬುತ್ತಾರೆ. ನಕ್ಷತ್ರಗಳನ್ನು ಒಂದೇ ಸಲ ಎಣಿಸುವುದು, ಅದೂ ಆ ಸ್ಟೂಲಿನಲ್ಲಿ ಮಾತ್ರ. ಇಬ್ಬರು ಎಣಿಸಿದರೆ ಇಬ್ಬರೂ ಅರ್ಧರ್ಧ ಎಣಿಸುತ್ತಾರೆ ಎಂಬುದು ಸ್ಟ್ಯಾನನ ಲೆಕ್ಕ.

ಆ ಸ್ಟೂಲಿನಲ್ಲಿ ಕೂರುತ್ತಿದ್ದವರು ಇರ್ಮಾ. ಪೋರ್ಟೊ ರಿಕೊ ದ್ವೀಪದವರು, ನನಗಿಂತ ಎಂಟು ವರ್ಷ ದೊಡ್ಡವರು. ಎರಡನೆಯ ದಿನವೇ ನನ್ನ ಬಾಯಲ್ಲಿ ಅವರು ಇರ್ಮಕ್ಕ ಆದರು. ಅಕ್ಕ ಎಂದರೇನೆಂದು ತಿಳಿದುಕೊಂಡು, ತಮ್ಮನಿಗೆ ಏನೆನ್ನುತ್ತಾರೆಂದು ಕೇಳಿ, ನನ್ನನ್ನು ‘ತಮ್ಮಾ’ ಎನ್ನತೊಡಗಿದರು. ನಾವು ಮಾತಾಡುತ್ತಿದ್ದುದು ಇಬ್ಬರಿಗೂ ಅರ್ಧ ಬರುವ ಇಂಗ್ಲಿಷಿನಲ್ಲಿ. ಆದರೆ ಅವರ ಮಾತನ್ನು ಇಲ್ಲಿ ನಮ್ಮ ಧಾರವಾಡದ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಬೀಳುತ್ತಿತ್ತು.

ನನ್ನ ಮೊದಲ ಎಡವಟ್ಟಿಗೆ ಅವರೇ ಸಾಕ್ಷಿ. ಇಲಿನಾಯ್ ರಾಜ್ಯದ ಬಾವುಟದಲ್ಲಿ ಹದ್ದಿನ ಕೊಕ್ಕಿನಲ್ಲಿ ಒಂದು ರಿಬ್ಬನ್ನಿದೆ, ಅದರ ಮೇಲೆ ಬರಹವಿದೆ. ಒಂದು ಶಬ್ದ ತಲೆಕೆಳಗಾಗಿರುವುದನ್ನು ಕಂಡು ಎರಡು ಡಜನ್ ಬಾವುಟಗಳನ್ನು ಕೆಟ್ಟ ಮಾಲೆಂದು ಪಕ್ಕಕ್ಕೆ ಎಸೆದಿದ್ದೆ. ಇರ್ಮಕ್ಕ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ತಮ್ಮಾ, ಆ ಶಬ್ದ ಮೊದಲಿನಿಂದ್ಲೂ ತಲಿಕೆಳಗ ಐತಿ. ಬಾವುಟ ಬರದವರು ಹಂಗ ಬರದಾರ.”

“ಏನ್ರಿ ಆ ಶಬ್ದ?”

“ಸಾರ್ವಭೌಮತ್ವ ಅಂತ. ರಾಜ್ಯ ಆದವರ್ದ ಈ ಗತಿ. ನಮ್ಮದಿನ್ನ ಶುರುನ ಆಗಿಲ್ಲ.”

ಅವರು ಎಣಿಸುವುದನ್ನು ನೋಡಬೇಕಿತ್ತು. ನೀಲಿ ತುಂಡನ್ನು ಇಳಿಜಾರಿನ ಮೇಜಿನ ಮೇಲೆ ಹರಡಿ, ಒಂದೊಂದು ನಕ್ಷತ್ರವನ್ನೂ ಹೆಬ್ಬೆರಳಿನಿಂದ ಒತ್ತುತ್ತಾ ಹೋಗುತ್ತಿದ್ದರು. ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ನಡುವೆ ಯಾರು ಏನು ಕೇಳಿದರೂ ಉತ್ತರ ಕೊಡುತ್ತಿದ್ದರು, ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಆ ಸ್ಟೂಲಿನಲ್ಲಿ ಕೂತಿದ್ದರು. “ನನ್ನ ಕಣ್ಣ ತಪ್ಪಬಹುದು, ಹೆಬ್ಬೆಟ್ಟ ತಪ್ಪಾಂಗಿಲ್ಲ” ಎನ್ನುತ್ತಿದ್ದರು.

ಮಧ್ಯಾಹ್ನದ ಊಟಕ್ಕೆ ಅವರ ತಮ್ಮ ರಾಫಾ ಬಂದು ಸೇರುತ್ತಿದ್ದ. ಅವನು ನಮ್ಮದೇ ಡಬ್ಬಗಳನ್ನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಅಕ್ಕ ತಮ್ಮ ಕೂಡಿದರೆ ಮಾತು ಒಂದೇ: ದ್ವೀಪ ಅಮೆರಿಕದ ಪೂರ್ಣ ರಾಜ್ಯವಾಗಬೇಕೋ ಬೇಡವೋ. ಆ ದ್ವೀಪದವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಆದರೆ ಅಲ್ಲಿ ವಾಸವಿರುವವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ಅವರ ಪ್ರತಿನಿಧಿ ಸಂಸತ್ತಿನಲ್ಲಿ ಮಾತಾಡಬಹುದು, ಕಾನೂನು ಪಾಸಾಗುವಾಗ ಮತ ಹಾಕುವಂತಿಲ್ಲ. ಇದನ್ನೆಲ್ಲ ನನಗೆ ತಿಳಿಸಿಕೊಟ್ಟವರು ಇರ್ಮಕ್ಕನೇ.

“ನನ್ನ ಗಂಡ ಈ ಬಾವುಟದ ಕೆಳಗ ಯುದ್ಧಕ್ಕ ಹೋಗಿ ಬಂದ. ತಿರುಗಿ ದ್ವೀಪಕ್ಕ ಹೋದ, ವೋಟಿಲ್ಲ. ವಿಮಾನ ಹತ್ತಿ ಶಿಕಾಗೋಕ್ಕ ಇಳಿದ, ವೋಟ್ ಬಂತು. ಮನಶ್ಯಾ ಅದೇ ಮನಶ್ಯಾ. ವೋಟ್ ಕೊಡೂದು ಮನಶ್ಯಾನಿಗೋ, ವಿಮಾನದ ಟಿಕೆಟ್ಟಿಗೋ?”

ರಾಫಾನಿಗೆ ದ್ವೀಪ ಸ್ವತಂತ್ರ ದೇಶವಾಗಬೇಕಿತ್ತು. “ಐವತ್ತು ಮಂದಿ ಮೊದಲ ಕುಂತ ಮೇಜಿಗೆ ಕಡೀಕ ಹೋಗಿ ಕುಂದ್ರತೀ. ರೊಟ್ಟಿ ಬುಟ್ಟಿ ನಿನ್ನ ತನಕ ಬರೂದ್ರಾಗ ಖಾಲಿ. ಮತ್ತ ನಿನ್ನ ಮೊಮ್ಮಕ್ಕಳು ನಿನ್ನ ಭಾಷಿ ಮರೀತಾರ.”

“ಈಗೇನ ನೆನಪಿಟ್ಟಾರಾ? ನಿನ್ನ ಮಗಳಿಗೆ ‘ನೀರು ಕೊಡು’ ಅಂತ ನಮ್ಮ ಭಾಷಿದಾಗ ಹೇಳಿ ನೋಡು. ಟಿವಿ ಬಂದ್ ಮಾಡತಾಳ.”

ಇದರಲ್ಲಿ ತಮಾಷೆಯೆಂದರೆ, ದ್ವೀಪದಲ್ಲಿ ನಡೆಯುವ ಜನಮತಗಣನೆಯಲ್ಲಿ ಶಿಕಾಗೋದಲ್ಲಿರುವವರಿಗೆ ಮತವೇ ಇಲ್ಲ. ಆದರೂ ಜಗಳ ಇಲ್ಲೇ ಜೋರು. ಕರ್ನಾಟಕದ ಚುನಾವಣೆ ಬಂದಾಗ ನಮ್ಮ ಕೂಟದ ಪಾಟ್‌ಲಕ್ ಊಟದಲ್ಲಿ ಕೂತವರಿಗೆ ನಾನು ಇದನ್ನು ವಿವರಿಸಬೇಕಿಲ್ಲ.

ಒಂದು ದಿನ ಇರ್ಮಕ್ಕ ನನ್ನನ್ನೂ ಎಳೆದರು. ಆಗ ನಮ್ಮಪ್ಪನ ಕಥೆ ಹೇಳಿದೆ. ಅಪ್ಪ ಏಕೀಕರಣದ ಮೆರವಣಿಗೆಗಳಲ್ಲಿ ನಡೆದವನು. ನಮ್ಮ ಧಾರವಾಡ ಆಗ ಮುಂಬೈ ಪ್ರಾಂತದ ತುದಿಯಲ್ಲಿತ್ತು, ಏನು ಕೇಳಬೇಕಾದರೂ ಮುಂಬೈಯವರನ್ನು ಕೇಳಬೇಕು. ಕನ್ನಡದವರೆಲ್ಲ ಒಂದು ರಾಜ್ಯವಾದ ದಿನ ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದನಂತೆ.

“ಮತ್ತ ಚೊಲೋ ಆತೇನು?” ಇರ್ಮಕ್ಕ ಕೇಳಿದರು.

“ಆತ್ರಿ. ಆದ್ರ ಕಚೇರಿ ಈಗೂ ದೂರನ ಐತಿ. ಮೊದಲ ಮುಂಬೈ, ಈಗ ಬೆಂಗಳೂರು.”

ರಾಫಾ ಮೇಜು ಬಡಿದ. “ಕೇಳಿದೇನು?”

“ಕೇಳಿದೆ,” ಎಂದರು ಇರ್ಮಕ್ಕ. “ಮುಂಬೈಗೆ ಹೋದರ ಕೈಮುಗೀಬೇಕಿತ್ತು. ಬೆಂಗಳೂರಿಗೆ ಹೋದರ ಜಗಳಾಡಬಹುದು. ಜಗಳಾಡಾಕ ಒಂದ ಬಾಗಲಾ ಸಿಕ್ಕರ ಸಾಕು, ಒಳಗ ಹೋಗೂದು ನಾನು ನೋಡಿಕೋತೀನಿ.”

ಅಪ್ಪನಿಗೂ ಬಾಯಿಗೆ ಬಾರದ ಮಾತು ಅದು. ಅಂದಿನಿಂದ ಮನಸ್ಸಿನಲ್ಲಿ ನಾನು ಅವರ ಪಕ್ಷ.

ನಾನು ಬಂದು ಐದು ವರ್ಷ ದಾಟಿದಾಗ ದ್ವೀಪದಲ್ಲಿ ಜನಮತಗಣನೆಯ ದಿನ ಹತ್ತಿರ ಬಂತು. ಶಿಕಾಗೋದ ಒಂದು ಚರ್ಚಿನ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಮೂರೂ ಪಕ್ಷದವರ ಚರ್ಚೆ ಏರ್ಪಟ್ಟಿತು: ರಾಜ್ಯವಾಗಲಿ ಎನ್ನುವವರು, ದೇಶವಾಗಲಿ ಎನ್ನುವವರು, ಇದ್ದಂತೆ ಇರಲಿ ಎನ್ನುವವರು. ರಾಜ್ಯ ಬೇಕೆನ್ನುವವರು ಇರ್ಮಕ್ಕನ ಮೂಲಕ ನಮ್ಮಲ್ಲೇ ಒಂದು ದೊಡ್ಡ ಬಾವುಟ ಹೊಲಿಸಲು ಕೊಟ್ಟರು. ಐವತ್ತೊಂದು ನಕ್ಷತ್ರದ್ದು. ಒಂಬತ್ತು, ಎಂಟು, ಒಂಬತ್ತು, ಎಂಟು ಹೀಗೆ ಆರು ಸಾಲು. ನಕ್ಷೆಯನ್ನು ಇರ್ಮಕ್ಕನೇ ಕಾಗದದ ಮೇಲೆ ಬರೆದಿದ್ದರು. ನೀಲಿ ತುಂಡು ತಯಾರಾಗಿ ಬಂದ ದಿನ ಎರಡೂ ಬದಿ ಎಣಿಸಿ, ತಮ್ಮ ಚೀಟಿ ಪಿನ್ನು ಮಾಡಿ, ತಾವೇ ತಂದು ನನ್ನ ಮೇಜಿನ ಮೇಲಿಟ್ಟರು. “ಚೊಲೋ ಜೋಡಸು ತಮ್ಮಾ” ಎಂದರು. ಮದುವೆಯ ಸೀರೆ ತಂದಿಟ್ಟ ಹಾಗೆ ಇಟ್ಟಿದ್ದರು.

ನಾನು ಆ ತುಂಡನ್ನು ಮಗುಚಿ ಹಾಕಿ ಬೇರೆ ಕೆಲಸ ಕೈಗೆತ್ತಿಕೊಂಡೆ.

ಧಾರವಾಡದ ಕೇಂದ್ರದಲ್ಲಿ ನಮಗೆ ಮೊದಲ ದಿನ ಕಲಿಸುತ್ತಿದ್ದುದು ಹೊಲಿಗೆಯಲ್ಲ, ಭಯ. ಚಕ್ರದಲ್ಲಿ ಇಪ್ಪತ್ನಾಲ್ಕು ಗೆರೆ. ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಜೈಲು ಎಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ಅಳತೆ ತಪ್ಪಿದ ಬಾವುಟವನ್ನು ಬಾಗಿಲು ಹಾಕಿಕೊಂಡು ಸುಡುತ್ತಿದ್ದೆವು. ಹದಿನಾಲ್ಕು ವರ್ಷ ಹಾಗೆ ದುಡಿದವನ ಮುಂದೆ, ಈ ದೇಶದ ಬಾವುಟವನ್ನು ಒಂದು ನಕ್ಷತ್ರ ಹೆಚ್ಚು ಹಾಕಿ ಹೊಲಿ ಎಂದು ಇಟ್ಟಿದ್ದರು. ಅದೂ ಯಾವಾಗ? ನನ್ನ ಪೌರತ್ವದ ಸಂದರ್ಶನಕ್ಕೆ ಮೂರು ವಾರ ಇದ್ದಾಗ. ಆ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ: ಸಿಕ್ಕಿಬೀಳದೆ ಹೋದ ಅಪರಾಧ ಯಾವುದಾದರೂ ಮಾಡಿದ್ದೀರಾ? ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಿ ಕಳಿಸಿದ್ದೆ.

ಹತ್ತು ಹೆಜ್ಜೆ ಆಚೆಯ ಕಪಾಟಿನಲ್ಲಿ ಹದಿಮೂರು ನಕ್ಷತ್ರದ ಹಳೆಯ ಕಾಲದ ಬಾವುಟಗಳನ್ನು ನಾವೇ ಹೊಲಿದು ಪೇರಿಸಿದ್ದೆವು. ಅವನ್ನು ನೋಡಿದರೂ ನನಗೆ ಧೈರ್ಯ ಬರಲಿಲ್ಲ. ಅವು ಹಳೆಯ ನಾಣ್ಯದ ಹಾಗೆ, ಇದು ಖೋಟಾ ನೋಟಿನ ಹಾಗೆ ಎಂದು ನನ್ನ ತಲೆ ಹೇಳಿತು. ಎದ್ದು ಹೋಗಿ ಸ್ಟ್ಯಾನನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ನನ್ನ ಹೆಸರು ಆ ಕೆಲಸಕ್ಕೆ ಅಂಟಿಕೊಳ್ಳುತ್ತದೆ ಎಂದು ಅದಕ್ಕೂ ಹೆದರಿದೆ. ದೀಪಾ, ಹೊಲಿಗೆಯ ಕೆಲಸದಲ್ಲಿ ಗೊತ್ತಿಲ್ಲದಿರುವುದು ತಪ್ಪಲ್ಲ. ಕೇಳದೇ ಇರುವುದು ಎಲ್ಲಿಗೆ ಒಯ್ಯುತ್ತದೆ ನೋಡು.

ಎಲ್ಲರೂ ಊಟಕ್ಕೆ ಹೋದಾಗ ಮಾಮೂಲಿ ಐವತ್ತು ನಕ್ಷತ್ರದ ಅದೇ ಅಳತೆಯ ಒಂದು ನೀಲಿ ತುಂಡನ್ನು ರ‍್ಯಾಕಿನಿಂದ ತೆಗೆದೆ. ಇರ್ಮಕ್ಕನ ಚೀಟಿಯನ್ನು ಅವರ ತುಂಡಿನಿಂದ ಬಿಚ್ಚಿ ಇದಕ್ಕೆ ಚುಚ್ಚಿದೆ. ಜೋಡಿಸಿದೆ. ಬಳೆಯನ್ನೂ ನಾನೇ ಹಾಕಿ, ನಕ್ಷತ್ರಗಳು ಒಳಗೆ ಬರುವಂತೆ ಮಡಚಿ ಡಬ್ಬಕ್ಕೆ ಇಟ್ಟೆ. ಅವರ ತುಂಡನ್ನು ಕೋಟಿನೊಳಗೆ ಸುತ್ತಿಕೊಂಡು ಮನೆಗೆ ಒಯ್ದೆ.

ಶನಿವಾರ ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮೇಲೆ ಬ್ಲೇಡು ಹಿಡಿದು ಒಂದೊಂದೇ ನಕ್ಷತ್ರ ಬಿಚ್ಚಿದೆ. ಅಭ್ಯಾಸಬಲ, ಬಿಚ್ಚುವಾಗಲೂ ಎಣಿಸಿದೆ. ಈ ಬದಿಗೆ ಐವತ್ತೊಂದು, ಆ ಬದಿಗೆ ಐವತ್ತೊಂದು. ಒಂದೂ ತಪ್ಪಿರಲಿಲ್ಲ. ಸೋಮವಾರ ಅವನ್ನೆಲ್ಲ ಹಿಂದಕ್ಕೆ ಒಯ್ದು ನಕ್ಷತ್ರದ ಬುಟ್ಟಿಗೆ ಸೇರಿಸಿದೆ. ಮತ್ತೆ ಹೊಲಿದಾಗ ದಪ್ಪ ದಾರ ಹಳೆಯ ತೂತುಗಳನ್ನು ಮುಚ್ಚುತ್ತದೆ. ವಾರದೊಳಗೆ ಅವು ಬೇರೆ ಬೇರೆ ಬಾವುಟಗಳಿಗೆ ಸೇರಿ, ಯಾವ ಯಾವ ಊರಿಗೋ ಹೋದವು.

ಚರ್ಚೆಯ ದಿನ ಇರ್ಮಕ್ಕ ನನ್ನನ್ನೂ ಕರೆದಿದ್ದರು. ಹೋಗದೇ ಇರಲು ನೆಪ ಸಿಗಲಿಲ್ಲ. ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಇಬ್ಬರು ಡಬ್ಬದಿಂದ ಬಾವುಟ ತೆಗೆದು ಹಗ್ಗಕ್ಕೆ ಕಟ್ಟಿ ಮೇಲಕ್ಕೆಳೆದರು. ಜನ ಚಪ್ಪಾಳೆ ತಟ್ಟಿದರು. ಸಾಲುಗಳ ಹೊಂದಿಕೆ ನೋಡಿದ ಕೂಡಲೇ ಇರ್ಮಕ್ಕನಿಗೆ ತಿಳಿದುಹೋಯಿತು. ಚಪ್ಪಾಳೆಗೆ ಎತ್ತಿದ ಕೈಗಳು ಅಲ್ಲೇ ನಿಂತವು.

ಎದುರು ಪಕ್ಷದಲ್ಲಿ ಕೂತಿದ್ದ ರಾಫಾನಿಗೂ ಬಾವುಟದ ಕಣ್ಣಿತ್ತು. ಸಾವಿರಾರು ಡಬ್ಬ ಸಾಗಿಸಿದವನು. ಎದ್ದು ವೇದಿಕೆಗೆ ಹೋಗಿ, ಕೈಯಲ್ಲಿದ್ದ ಕಾಗದವನ್ನು ಸುರುಳಿ ಸುತ್ತಿ, ಒಂದೊಂದೇ ನಕ್ಷತ್ರ ಮುಟ್ಟಿ ಗಟ್ಟಿಯಾಗಿ ಎಣಿಸತೊಡಗಿದ. ಹತ್ತಾಗುವಷ್ಟರಲ್ಲಿ ಅವನ ಕಡೆಯವರೆಲ್ಲ ದನಿಗೂಡಿಸಿದರು. ಇಪ್ಪತ್ತಕ್ಕೆ ಇಡೀ ಸಭೆಯೇ ಎಣಿಸುತ್ತಿತ್ತು, ಇರ್ಮಕ್ಕನ ಪಕ್ಷದವರು ಕೂಡ. ಐವತ್ತಕ್ಕೆ ಎಣಿಕೆ ನಿಂತಿತು. ರಾಫಾ ಕಾಗದದಿಂದ ಖಾಲಿ ಗೋಡೆಯನ್ನು ಒಂದು ಸಲ ಮುಟ್ಟಿ ತಿರುಗಿದ.

“ನಮ್ಮಕ್ಕ ಖುದ್ದ ಎಣಿಸಿ ಕಳಿಸ್ಯಾಳ್ರಿ. ನಮಗ ಜಾಗಾ ಇಲ್ಲ.”

ನಗು ಎಷ್ಟು ಹೊತ್ತು ಇತ್ತೋ. ಮುಂದೆ ಇರ್ಮಕ್ಕ ಮಾತಾಡಬೇಕಿತ್ತು. ವಿಮಾನದ ಟಿಕೆಟ್ಟಿನ ಆ ಮಾತನ್ನು ವಾರವಿಡೀ ತಾಲೀಮು ಮಾಡಿದ್ದರು. ಎದ್ದು ನಿಂತು, ಬಾವುಟ ನೋಡಿ, ಕೂತುಬಿಟ್ಟರು. ನನಗೆ ಮಾತ್ರ ಕೇಳುವಂತೆ ಹೇಳಿದರು:

“ನಾ ಎಣಿಸಿದ್ದೆ ತಮ್ಮಾ.”

ನಾನು ಅವರ ಕೈ ಹಿಡಿದು ಹೇಳಿದೆ, “ಆಗತೈತಿ ಬಿಡ್ರಿ ಅಕ್ಕಾ. ಎಲ್ಲಾರಿಗೂ ಒಮ್ಮೆ ಆಗತೈತಿ.”

ನನ್ನ ಜೀವನದಲ್ಲಿ ನಾನಾಡಿದ ಅತ್ಯಂತ ಕೆಟ್ಟ ಮಾತು ಅದು. ತುಂಡು ಬದಲಿಸಿದ್ದು ಹೆದರಿಕೆಯಿಂದ. ಈ ಮಾತಿಗೆ ಆ ನೆಪವೂ ಇಲ್ಲ. ಅದನ್ನು ಪೂರ್ತಿ ಎಚ್ಚರದಲ್ಲಿ ಆಡಿದೆ.

ಮರುದಿನ ಸ್ಟ್ಯಾನ್ ಬಾವುಟ ತರಿಸಿ ನೋಡಿದ. ಚೀಟಿ ಇರ್ಮಕ್ಕನದೇ. ಅವನು ಬೈಯಲಿಲ್ಲ, “ಹತ್ತೊಂಬತ್ತು ವರ್ಷಕ್ಕೆ ಒಂದು” ಎಂದ. ಆದರೆ ಇರ್ಮಕ್ಕ ತಮ್ಮನ್ನು ತಾವು ಬಿಡಲಿಲ್ಲ. ಮಾಮೂಲಿ ತುಂಡನ್ನೇ ಐವತ್ತೊಂದೆಂದು ಎಣಿಸಿ ಚೀಟಿ ಚುಚ್ಚಿದ್ದೇನೆ ಎಂದುಕೊಂಡರು. ಕಣ್ಣಿನ ಡಾಕ್ಟರ ಹತ್ತಿರ ಹೋದರು. ಕಣ್ಣು ಸರಿಯಿದೆ ಎಂದರಂತೆ. ಹಾಗಾದರೆ ತಲೆಯೇ ಸರಿಯಿಲ್ಲ ಎಂದುಕೊಂಡರು. ಪ್ರತಿ ತುಂಡನ್ನೂ ಎರಡು ಸಲ, ಆಮೇಲೆ ಮೂರು ಸಲ ಎಣಿಸತೊಡಗಿದರು. ಮೇಜಿನ ಮೇಲೆ ನೀಲಿ ಗುಡ್ಡೆ ಬೆಳೆಯಿತು. ಎರಡು ತಿಂಗಳಿಗೆ ತಾವೇ ಸ್ಟ್ಯಾನನ ಹತ್ತಿರ ಹೋಗಿ ಪ್ಯಾಕಿಂಗಿಗೆ ಹಾಕೆಂದು ಕೇಳಿಕೊಂಡರು.

ಸ್ಟೂಲಿನಲ್ಲಿ ಯಾರನ್ನು ಕೂರಿಸಬೇಕೆಂದು ಸ್ಟ್ಯಾನ್ ಕೇಳಿದಾಗ ಇರ್ಮಕ್ಕ ನನ್ನ ಹೆಸರು ಹೇಳಿದರು.

ಅಷ್ಟರಲ್ಲಿ ನನ್ನ ಸಂದರ್ಶನವೂ ಮುಗಿದಿತ್ತು. ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, ಬಾವುಟದಲ್ಲಿ ಎಷ್ಟು ನಕ್ಷತ್ರ ಎಂದು. ಐವತ್ತು ಎಂದೆ. ಗುಡ್ ಎಂದು ಬರೆದುಕೊಂಡ.

ಇಪ್ಪತ್ತೆರಡು ವರ್ಷ ಆ ಸ್ಟೂಲಿನಲ್ಲಿ ಕೂತೆ. ಹೆಮ್ಮೆಯಿಂದಲೇ ಹೇಳುತ್ತೇನೆ: ಆ ಇಪ್ಪತ್ತೆರಡು ವರ್ಷದಲ್ಲಿ ತಪ್ಪು ಎಣಿಕೆಯ ಒಂದು ಬಾವುಟವೂ ಹೊರಗೆ ಹೋಗಲಿಲ್ಲ. ಗಾಳಿಗೆ ಹರಿಯದಂತೆ ತುದಿಗೆ ನಾಲ್ಕು ಸಾಲು ಹೊಲಿಗೆ ಹಾಕುವ ಪದ್ಧತಿಯನ್ನು ನಾನೇ ತಂದೆ. ಹ್ಯಾಮ್ಟ್ರಾಮ್ಕ್‌ನ ಶಾಲೆಯೊಂದು ನಮ್ಮ ಬಾವುಟ ಎರಡು ಚಳಿಗಾಲ ತಡೆಯಿತೆಂದು ಮಕ್ಕಳ ಕೈಯಲ್ಲಿ ಪತ್ರ ಬರೆಸಿ ಕಳಿಸಿತ್ತು. ಆಮೇಲೆ ಕಸೂತಿಯ ಮೆಷಿನ್ ಬಂತು, ಒಂದೇ ಏಟಿಗೆ ಐವತ್ತು ನಕ್ಷತ್ರ. ಅದರ ಹಿಂದೆಯೇ ಮುದ್ರಣ ಬಂತು, ಹೊಲಿಗೆಯೇ ಬೇಡ. ನಾನು ಕೆಲಸ ಬಿಟ್ಟು ನಾರ್ತ್‌ವಿಲ್‌ಗೆ ಬಂದೆ. ಈಗ ಆ ಜಾಗದಲ್ಲಿ ಸ್ಟೂಲೂ ಇಲ್ಲವಂತೆ, ಕ್ಯಾಮೆರಾ ಎಣಿಸುತ್ತದಂತೆ. ಕ್ಯಾಮೆರಾಗೆ ಪೌರತ್ವದ ಚಿಂತೆಯಿಲ್ಲ, ಒಳ್ಳೆಯದೇ.

ನನ್ನ ಭಯ ಪೊಳ್ಳೆಂದು ತಿಳಿದದ್ದು ಸ್ಟೂಲಿಗೆ ಬಂದ ವರ್ಷವೇ. ಒಂದು ಅಂಗಡಿ ಐವತ್ತೊಂದು ನಕ್ಷತ್ರದ ಬಾವುಟ ಎರಡು ಡಜನ್ ಬೇಕೆಂದಿತು. ಈಗ ಪ್ರಜೆಯಾಗಿದ್ದೆನಲ್ಲ, ಧೈರ್ಯ ಮಾಡಿ ಸ್ಟ್ಯಾನನನ್ನು ಕೇಳಿದೆ: ಇದು ಕಾನೂನಿಗೆ ವಿರುದ್ಧ ಅಲ್ಲವೇ? ಅವನು ಕನ್ನಡಕದ ಮೇಲಿಂದ ನೋಡಿದ. “ಗಿರಾಕಿ ಕೇಳಿದರೆ ಇನ್ನೂರು ಹಾಕು. ಯಾರೂ ಹಿಡಿದುಕೊಂಡು ಹೋಗುವುದಿಲ್ಲ.” ಆ ಇಪ್ಪತ್ನಾಲ್ಕನ್ನೂ ನಾನೇ ಎಣಿಸಿದೆ. ಪ್ಯಾಕಿಂಗಿನಲ್ಲಿದ್ದ ಇರ್ಮಕ್ಕ ಒಂದೊಂದನ್ನೂ ಮಡಚುವ ಮೊದಲು ನನ್ನ ಹತ್ತಿರ ತಂದು, “ತಮ್ಮಾ, ಇನ್ನೊಮ್ಮೆ ನೀ ನೋಡು” ಎಂದರು. ಇಪ್ಪತ್ನಾಲ್ಕು ಸಲ. ಅಂದಾದರೂ ಹೇಳಬೇಕಿತ್ತು. ಹೇಳಿದರೆ ಪೌರತ್ವ ಹೋಗುವುದಿಲ್ಲ, ಸ್ಟೂಲು ಹೋಗುತ್ತದೆ. ಸ್ಟೂಲು ನನಗೆ ಪ್ರಿಯವಾಗಿಬಿಟ್ಟಿತ್ತು.

ದ್ವೀಪದಲ್ಲಿ ಆಮೇಲೂ ಜನಮತಗಣನೆಗಳು ನಡೆದವು, ಉತ್ತರಗಳೂ ಬಂದವು, ಸ್ಥಿತಿ ಮಾತ್ರ ಅಲ್ಲೇ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಅವರು ಪೂರ್ಣ ರಾಜ್ಯವನ್ನೇ ಕೇಳಬೇಕು. ರಾಫಾನ ರೊಟ್ಟಿ ಬುಟ್ಟಿಯ ಮಾತು ಸುಳ್ಳಲ್ಲ, ಧಾರವಾಡದವನಿಗೆ ಅದು ಗೊತ್ತು. ಆದರೂ ಮೇಜಿಗೆ ಕೂತವನು ಬುಟ್ಟಿ ಎಲ್ಲಿ ಎಂದು ಕೇಳಬಹುದು, ಹೊರಗೆ ನಿಂತವನು ಕೇಳುವ ಹಾಗಿಲ್ಲ. ಆದರೆ ಇದನ್ನು ತೀರ್ಮಾನಿಸಬೇಕಾದವರು ಅಲ್ಲಿರುವವರು. ನಾನು ಇರ್ಮಕ್ಕನ ಪಕ್ಷವೆಂದುಕೊಂಡೇ, ನನ್ನದಲ್ಲದ ಒಂದು ಮತವನ್ನು ಅವರ ವಿರುದ್ಧ ಸೂಜಿಯಿಂದ ಹಾಕಿದೆ.

ದೀಪಾ ಬಂದು ಹೋದ ಮೂರನೆಯ ದಿನ ಶಿಕಾಗೋಗೆ ರೈಲು ಹತ್ತಿದೆ. ಇರ್ಮಕ್ಕನಿಗೆ ಈಗ ಎಂಬತ್ತು ದಾಟಿದೆ. ವಯಸ್ಸಾದವರ ವಸತಿಯಲ್ಲಿ ಒಂದು ಕೋಣೆ. ನಾನು ಬರುವುದನ್ನು ಮೊದಲೇ ಫೋನಿನಲ್ಲಿ ತಿಳಿಸಿದ್ದೆ. ಕಾಫಿ ಮಾಡಿಟ್ಟಿದ್ದರು. ಕಪ್ಪು ಮುಟ್ಟುವ ಮೊದಲೇ ಹೇಳಲು ಶುರು ಮಾಡಿದೆ, ಇಲ್ಲದಿದ್ದರೆ ಹೇಳುತ್ತಿರಲಿಲ್ಲ. ಚೀಟಿ ಬದಲಿಸಿದ್ದು, ಕೋಟಿನಲ್ಲಿ ಸುತ್ತಿ ಒಯ್ದದ್ದು, ಬಿಚ್ಚಿದ್ದು, ಚರ್ಚೆಯ ದಿನ ಕೈ ಹಿಡಿದು ಆಡಿದ ಮಾತು, ಎಲ್ಲ.

ಅವರು ನನ್ನನ್ನಲ್ಲ, ತಮ್ಮ ಕೈಗಳನ್ನು ನೋಡಿಕೊಂಡರು.

“ಎಷ್ಟಿದ್ದುವು?” ಎಂದರು.

“ಐವತ್ತೊಂದು.”

“ಎರಡೂ ಬಾಜೂಕ?”

“ಎರಡೂ ಬಾಜೂಕ ಐವತ್ತೊಂದು. ಬಿಚ್ಚುಮುಂದ ಎಣಿಸೀನ್ರಿ.”

“ಇನ್ನೊಮ್ಮೆ ಹೇಳು.”

ಹೇಳಿದೆ. ಅವರು ಎದ್ದು ಫೋನ್ ತೆಗೆದುಕೊಂಡು ರಾಫಾನಿಗೆ ಹಚ್ಚಿದರು. ತಮ್ಮ ಭಾಷೆಯಲ್ಲಿ ವೇಗವಾಗಿ ಮಾತಾಡಿದರು. ಫೋನನ್ನು ನನ್ನ ಕೈಗೆ ತುರುಕಿ, ಅವನಿಗೂ ಹೇಳೆಂದರು. ನಾನು ಮತ್ತೊಮ್ಮೆ ಎಲ್ಲ ಹೇಳಿದೆ. ಆ ಕಡೆಯಿಂದ ಮೆತ್ತಗಿನ ದನಿ: “ನೀ ಒಳ್ಳೆ ಮನಶ್ಯಾ ಶಂಕರಾ. ವಯಸ್ಸಾದ ಅಕ್ಕಗ ಸಮಾಧಾನ ಆಗಲೆಂತ ಹೇಳಾಕತ್ತೀ. ಆಗಲಿ, ನಾನೂ ನಂಬಿದೆ ಅಂತೀನಿ. ಆದ್ರ ರಾಜ್ಯ ಮಾತ್ರ ಆಗಬಾರದು.”

ಇರ್ಮಕ್ಕ ಫೋನ್ ಕಿತ್ತುಕೊಂಡು ಅವನಿಗೆ ಏನೋ ಬೈದು ಇಟ್ಟರು. ಕೆನ್ನೆ ಕೆಂಪಾಗಿತ್ತು.

“ನಂಬಾಕ ತಯಾರಿಲ್ಲ ಅಂವ. ಮೂವತ್ತು ವರ್ಷ ಮಂದಿ ಮುಂದ ಹೇಳಿ ನಗಸ್ಯಾನ, ಹೆಂಗ ನಂಬತಾನ? ನೀ ಬರದುಕೊಡು. ಅಚ್ಚಾಗಬೇಕು.”

“ನನಗ ಕನ್ನಡದಾಗ ಅಷ್ಟ ಬರೀಲಿಕ್ಕೆ ಬರತೈತ್ರಿ ಅಕ್ಕಾ.”

“ಅದರಾಗ ಬರಿ. ಹಂಗಾದ್ರ ಚೊಲೋ ಆತು, ಸುಳ್ಳಂತ ವಾದಾ ಮಾಡಾಕ ಅವಂಗ ಅದು ಓದಾಕ ಬರಾಂಗಿಲ್ಲ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಾಫಿ ಆರಿತ್ತು. ಬಿಸಿ ಮಾಡಿ ಕೊಡುವುದಿಲ್ಲವೆಂದು ಅವರ ಮುಖದಲ್ಲೇ ತಿಳಿಯಿತು. ಹಾಗೆಯೇ ಕುಡಿದು ಎದ್ದೆ. ಬಾಗಿಲ ತನಕ ಬಂದು ಒಂದು ಮಾತು ಹೇಳಿದರು: “ಭಾನುವಾರಕ್ಕೊಮ್ಮೆ ರಾಫಾನ ಮಗಳು ಬಂದು ನನ್ನ ಗುಳಿಗಿ ಎಣಿಸಿ ಡಬ್ಬಿಗೆ ಹಾಕತಾಳ. ನನಗ ಎಣಿಸಾಕ ಆಗೂದಿಲ್ಲಂತ ನಾನ ಹೇಳಿದ್ದೆ. ಈ ವಾರ ಆಕಿ ಸುಮ್ಮನ ಕುಂತು ನೋಡಲಿ.”

ದೀಪಾ, ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು. ತಪ್ಪು ಪೀಸ್ ಒಂದು ಹೋಗಿದೆ, ಕಳಿಸಿದವನು ನಾನು. ಆ ದಿನ ತಪಾಸಣೆಯ ಸ್ಟೂಲಿನಲ್ಲಿದ್ದ ಇರ್ಮಾ ಅವರು ಪಾಸು ಮಾಡಿದ ನೀಲಿ ತುಂಡಿನಲ್ಲಿ ಈ ಬದಿಗೆ ಐವತ್ತೊಂದು, ಆ ಬದಿಗೆ ಐವತ್ತೊಂದು ನಕ್ಷತ್ರಗಳಿದ್ದವು. ಅವರ ಎಣಿಕೆ ಸರಿಯಿತ್ತು.